ಸಿಂಹಾಸನದಿಂದ ಆಗಾಗ ಇಳಿದ ಅರಸ

ಗಿಣಿಗೇರಾದ ಸುತ್ತ ಇಂದು ಉಕ್ಕು, ಕಬ್ಬಿಣದ ಕಾರ್ಖಾನೆಗಳಿವೆ. ಯಾವ ಊರಿನ ಕಾರ್ಖಾನೆಯೇ ಆಗಲಿ, ಪಾಳಿ ಬದಲಾಗುವ ಹೊತ್ತು ಮಾತಿಗೆ ಮಾತು ಬೆಳೆಯುವ ಹೊತ್ತೂ ಹೌದು. ಉಳಿದ ಕೆಲಸ ಯಾರದು, ತಪ್ಪು ಯಾರದು ಎಂಬ ಕಹಿ ಮನೆಯವರೆಗೂ ಬೆನ್ನುಹತ್ತಿ ಬರುತ್ತದೆ. ಈ ಊರಿನ ನೆರೆಯ ಕೊಪ್ಪಳವೇ ಹಿಂದಿನ ಕೋಪಣ, ಜೈನರ ಮಹಾತೀರ್ಥ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ವು ಈ ಕೋಪಣವನ್ನು ಹೆಸರಿಸುತ್ತದೆ. ಆ ಗ್ರಂಥ ರೂಪುಗೊಂಡದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಹೊಣೆಗಾರಿಕೆಯ ಭಾರವನ್ನು ಅವನಷ್ಟು ದೀರ್ಘಕಾಲ ಹೊತ್ತವರು ವಿರಳ.

ಕ್ರಿ.ಶ. 814ರಲ್ಲಿ ತಂದೆ ಮೂರನೆಯ ಗೋವಿಂದ ಕಾಲವಾದಾಗ ಅವನಿನ್ನೂ ಬಾಲಕ. ಗುಜರಾತ ಶಾಖೆಯ ಬಂಧು ಕರ್ಕನು ರಕ್ಷಕನಾಗಿ ನಿಂತರೂ ಸಾಮಂತರು ತಿರುಗಿಬಿದ್ದರು. ಬಾಲಕನು ಪಟ್ಟವನ್ನೇ ಕಳೆದುಕೊಂಡು, 821ರ ವೇಳೆಗೆ ಕರ್ಕನ ನೆರವಿನಿಂದ ಮರಳಿ ಪಡೆದನು. ಮುಂದೆ ಗಂಗರೊಡನೆ ದೀರ್ಘ ಕಲಹ. ಸೇನಾನಿ ಬಂಕೇಶನು ಗಂಗವಾಡಿಯಲ್ಲಿ ಗೆಲ್ಲುತ್ತಿದ್ದಾಗಲೇ ರಾಜಧಾನಿಯ ಕಡೆ ಬಂಡಾಯವೆದ್ದಿತು. ಅವನನ್ನು ಹಿಂದಕ್ಕೆ ಕರೆಸಬೇಕಾಯಿತು. ಬಂಡುಕೋರರ ಜೊತೆ ಸ್ವಂತ ಮಗನೇ ಸೇರಿದ್ದನು. ಶತ್ರುವಿನ ಬಾಣಕ್ಕಿಂತ ಮನೆಯವನ ಮುನಿಸು ಆಳಕ್ಕೆ ನಾಟುತ್ತದೆ.

ಇಂತಹ ಅರಸನ ಗುರು ಜಿನಸೇನಾಚಾರ್ಯರು. ಧವಳಾ ಟೀಕೆಯ ಕರ್ತೃ ವೀರಸೇನರ ಶಿಷ್ಯರು ಅವರು. ಗುರುಗಳು ಅರ್ಧಕ್ಕೆ ಬಿಟ್ಟ ಜಯಧವಳಾ ಟೀಕೆಯನ್ನು 837ರಲ್ಲಿ ಪೂರೈಸಿದವರು. ಅವರ ಪರಂಪರೆಯು ಶ್ರಾವಕನಿಗೆ ಕಲಿಸುವ ಅಭ್ಯಾಸಗಳಲ್ಲಿ ಸಾಮಾಯಿಕ ಮುಖ್ಯವಾದುದು. ಒಂದು ಮುಹೂರ್ತ, ಅಂದರೆ 48 ನಿಮಿಷ, ಪಾಪಕಾರ್ಯಗಳನ್ನು ಬಿಟ್ಟು ಸಮಭಾವದಲ್ಲಿ ನೆಲೆಸುವುದು. ಆ ಹೊತ್ತಿನಲ್ಲಿ ಏಳುವ ಕ್ರೋಧ, ಮಾನ, ಮಾಯೆ, ಲೋಭಗಳನ್ನು ಸಾಧಕನು ಅದುಮಿಡುವುದಿಲ್ಲ, ಅವುಗಳ ಹಿಂದೆ ಓಡುವುದೂ ಇಲ್ಲ. ಇವು ಕಷಾಯಗಳು, ಆತ್ಮನ ಸ್ವಭಾವವಲ್ಲ ಎಂದು ಅರಿಯುತ್ತಾನೆ. ಇಂದು ಕಚೇರಿಗಳಲ್ಲಿ ಹೇಳಿಕೊಡುವ ಸಾವಧಾನದ ಅಭ್ಯಾಸ ಇದಕ್ಕೆ ಹತ್ತಿರವಾದುದು. ಭೇದವೂ ಉಂಟು. ಅಲ್ಲಿ ಗುರಿ ಒತ್ತಡದ ಶಮನ, ಇಲ್ಲಿ ಕರ್ಮದ ಸಂವರ. ನೆಮ್ಮದಿ ತಾನಾಗಿ ಬರುವ ಫಲ.

ಅಮೋಘವರ್ಷನು ರಾಜ್ಯಭಾರವನ್ನು ಒಂದಕ್ಕಿಂತ ಹೆಚ್ಚು ಸಲ ಬದಿಗಿಟ್ಟು ಧ್ಯಾನ-ಸ್ವಾಧ್ಯಾಯಗಳಲ್ಲಿ ಕಳೆದನೆಂದು ಶಾಸನಗಳ ಆಧಾರದಿಂದ ವಿದ್ವಾಂಸರು ಹೇಳುತ್ತಾರೆ. ಅದನ್ನು ದೌರ್ಬಲ್ಯವೆಂದವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪಲಾಯನಗೈದವನು ಮರಳಿ ಬರುವುದಿಲ್ಲ, ಇವನು ಬರುತ್ತಿದ್ದನು. ಬಂದವನು ಮಾಡಿದ್ದನ್ನು ನೋಡಬೇಕು. ಗಂಗರನ್ನು ಅಳಿಸಿಹಾಕಲು ಹೊರಡದೆ, ಮಗಳು ಚಂದ್ರೋಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ವಿವಾಹ ಮಾಡಿಕೊಟ್ಟು ಹಗೆಯನ್ನು ನಂಟಾಗಿಸಿದನು. ಜೈನಗುರುವಿನ ಶಿಷ್ಯನಾದ ಇವನು ಲೋಕದ ವಿಪತ್ತು ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ತಿಳಿಸುತ್ತದೆ. ಅಹಿಂಸೆಯ ದೃಷ್ಟಿಯಿಂದ ಚರ್ಚಿಸಬಹುದಾದ ಸಂಗತಿಯೇ ಸರಿ. ಆದರೆ ಆ ನೋವನ್ನು ಅವನು ಪರರ ಮೇಲೆ ಹೇರಲಿಲ್ಲ. ಅವನ ಕಾಲದಲ್ಲಿಯೇ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವೂ ಶಾಕಟಾಯನರ ವ್ಯಾಕರಣವೂ ಬೆಳಕು ಕಂಡವು.

ಸುಮಾರು 64 ವರ್ಷ ಆಳಿ, 878ರ ವೇಳೆಗೆ ಅವನು ಮರೆಯಾದನು. ಮಾನ್ಯಖೇಟದ ಸಿಂಹಾಸನವೇರಿದವನು ಮಗ ಎರಡನೆಯ ಕೃಷ್ಣ. ಅಂದು ಬಂಡುಕೋರರ ಜೊತೆ ಸೇರಿದ್ದ ಕುಮಾರನು ಇವನೇ ಎಂದು ಇತಿಹಾಸಕಾರರು ಭಾವಿಸುತ್ತಾರೆ.