ಅಮ್ಮೆಂಬಳ ಸುಬ್ಬರಾವ್ ಪೈ

ಅಮ್ಮೆಂಬಳ ಸುಬ್ಬರಾವ್ ಪೈ (ನವೆಂಬರ್ 19, 1852 – ಜುಲೈ 25, 1909) ಮಂಗಳೂರಿನ ಹೆಸರಾಂತ ವಕೀಲರು, ಶಿಕ್ಷಣಪ್ರೇಮಿ ಹಾಗೂ ಕೆನರಾ ಬ್ಯಾಂಕಿನ ಸ್ಥಾಪಕರು. 1906ರಲ್ಲಿ ಅವರು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಸಂಸ್ಥೆಯೇ ಮುಂದೆ ಕೆನರಾ ಬ್ಯಾಂಕ್ ಆಗಿ ಬೆಳೆಯಿತು. ಮಂಗಳೂರಿನ ಕೆನರಾ ಹೈಸ್ಕೂಲ್ ಮತ್ತು ಕೆನರಾ ಬಾಲಕಿಯರ ಹೈಸ್ಕೂಲ್‌ಗಳ ಸ್ಥಾಪಕರೂ ಅವರೇ. ಸಣ್ಣ ಉಳಿತಾಯಗಾರರ ಹಣಕ್ಕೆ ಸುರಕ್ಷಿತ ನೆಲೆಯೊಂದನ್ನು ಕಲ್ಪಿಸುವುದು ಮತ್ತು ಅದೇ ಹಣದಿಂದ ಊರಿನ ಜನರಿಗೆ ನ್ಯಾಯವಾದ ಬಡ್ಡಿಗೆ ಸಾಲ ದೊರಕಿಸುವುದು ಅವರ ಕೊನೆಯ ವರ್ಷಗಳ ಮುಖ್ಯ ಕಾರ್ಯವಾಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಪೈ ಅವರು ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ, ಕೊಂಕಣಿ ಮಾತೃಭಾಷೆಯ ಗೌಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಉಪೇಂದ್ರ ಪೈ ಮೂಲ್ಕಿಯ ಮುನ್ಸೀಫ್ ನ್ಯಾಯಾಲಯದಲ್ಲಿ ವಕೀಲರಾಗಿದ್ದರು. ಮಂಗಳೂರಿನಲ್ಲಿ ಎಫ್.ಎ. ಪರೀಕ್ಷೆಯವರೆಗೆ ಓದಿದ ಸುಬ್ಬರಾಯರು ಉನ್ನತ ವ್ಯಾಸಂಗಕ್ಕಾಗಿ ಮದ್ರಾಸಿಗೆ ತೆರಳಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿ ಕಲಾ ಪದವಿಯನ್ನೂ ಅನಂತರ ಕಾನೂನು ಪದವಿಯನ್ನೂ ಪಡೆದರು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಹಾಲೊವೇ ಅವರ ಸಂಪರ್ಕವು ಈ ಅವಧಿಯಲ್ಲಿ ಅವರಿಗೆ ದೊರೆಯಿತು. ಅವರ ಕಾನೂನು ವ್ಯಾಸಂಗದ ಮೇಲೆ ಅದು ಆಳವಾದ ಪ್ರಭಾವ ಬೀರಿತು.

ವಕೀಲ ವೃತ್ತಿ

1876ರಲ್ಲಿ ಮಂಗಳೂರಿಗೆ ಹಿಂತಿರುಗಿದ ಸುಬ್ಬರಾವ್ ಪೈ ಅಲ್ಲಿ ವಕೀಲಿ ಆರಂಭಿಸಿದರು. ಕೆಲವೇ ಕಾಲದಲ್ಲಿ ಜಿಲ್ಲೆಯ ಮುಂಚೂಣಿಯ ವಕೀಲರಲ್ಲಿ ಒಬ್ಬರೆಂದು ಹೆಸರಾದರು. ವ್ಯಾಜ್ಯಗಳನ್ನು ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಸುವುದಕ್ಕೆ ಅವರು ಒಲವು ತೋರುತ್ತಿದ್ದರು. ಅಂದಿನ ಸಿವಿಲ್ ನ್ಯಾಯಾಲಯಗಳಿಗೆ ಬರುತ್ತಿದ್ದ ದಾವೆಗಳಲ್ಲಿ ಸಾಲ, ಬಡ್ಡಿ, ಅಡಮಾನ ಮತ್ತು ಗೇಣಿಗೆ ಸಂಬಂಧಿಸಿದವುಗಳ ಪಾಲು ದೊಡ್ಡದು. ಅಸಲಿಗಿಂತ ಬಡ್ಡಿಯೇ ಬೆಳೆದು ಮನೆ, ಗದ್ದೆ, ತೋಟಗಳು ಕೈತಪ್ಪುವುದು ಇಂತಹ ದಾವೆಗಳ ಸಾಮಾನ್ಯ ಪರಿಣಾಮವಾಗಿತ್ತು. ಮೂರು ದಶಕಗಳ ವಕೀಲಿಯ ನಂತರ ಸುಬ್ಬರಾವ್ ಪೈ ಕೈಗೊಂಡ ಹಣಕಾಸು ಸಂಸ್ಥೆಯ ಕೆಲಸಕ್ಕೆ ಈ ಪರಿಸರವೇ ಹಿನ್ನೆಲೆ.

ಶಿಕ್ಷಣ ಕ್ಷೇತ್ರದಲ್ಲಿ

1891ರಲ್ಲಿ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಮೂರು ವರ್ಷಗಳ ನಂತರ, 1894ರಲ್ಲಿ, ಕೆನರಾ ಬಾಲಕಿಯರ ಹೈಸ್ಕೂಲ್ ಆರಂಭವಾಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಮೇಲ್ಜಾತಿಯ ಸುಶಿಕ್ಷಿತ ಮನೆಗಳೂ ಹಿಂಜರಿಯುತ್ತಿದ್ದ ಕಾಲದಲ್ಲಿ ಇದು ದಿಟ್ಟ ಹೆಜ್ಜೆಯಾಗಿತ್ತು. ಅಜ್ಞಾನ ಮತ್ತು ಮೂಢನಂಬಿಕೆಗಳ ನಿವಾರಣೆ ಹಾಗೂ ಶಿಕ್ಷಣದ ಪ್ರಸಾರವನ್ನು ಅವರು ಮುಂದೆ ತಮ್ಮ ಹಣಕಾಸು ಸಂಸ್ಥೆಯ ಧ್ಯೇಯಗಳಲ್ಲಿಯೂ ಸೇರಿಸಿದರು. ಶಾಲೆ ಮತ್ತು ಬ್ಯಾಂಕು ಅವರ ದೃಷ್ಟಿಯಲ್ಲಿ ಒಂದೇ ಉದ್ದೇಶದ ಎರಡು ಮುಖಗಳಾಗಿದ್ದವು.

ಫಂಡ್ ಸ್ಥಾಪನೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಗಳೂರು ಚಟುವಟಿಕೆಯ ಬಂದರಾಗಿತ್ತು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಇಲ್ಲಿ ಸಂಸ್ಕರಣೆಗೊಂಡು ಹಡಗು ಏರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹೆಂಚಿನ ಉದ್ಯಮವು ಬಹಳವಾಗಿ ಬೆಳೆದಿತ್ತು. ಆದರೆ ಈ ವ್ಯವಹಾರಗಳಿಗೆ ಹಣ ಒದಗಿಸುತ್ತಿದ್ದ ಮದ್ರಾಸ್ ಬ್ಯಾಂಕ್ ಸಾಮಾನ್ಯ ರೈತನಿಗಾಗಲಿ ಸಣ್ಣ ವ್ಯಾಪಾರಿಗಾಗಲಿ ನಿಲುಕುವಂತಿರಲಿಲ್ಲ. 1876ರ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಯಿದೆಯು ಸ್ಥಿರಾಸ್ತಿಯ ಆಧಾರದ ಮೇಲೆ ಸಾಲ ಕೊಡುವುದನ್ನು ಈ ಬ್ಯಾಂಕುಗಳಿಗೆ ನಿಷೇಧಿಸಿತ್ತು. ದೀರ್ಘಾವಧಿಯ ಸಾಲಕ್ಕೂ ಅವಕಾಶವಿರಲಿಲ್ಲ. ಭೂಮಿಯೊಂದೇ ಆಸ್ತಿಯಾಗಿದ್ದವರಿಗೆ ಲೇವಾದೇವಿಗಾರನೇ ಗತಿಯಾಗಿದ್ದನು.

ಉಳಿತಾಯ ಮಾಡುವವರ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಮಿಕ್ಕ ಹಣವನ್ನು ಚಿನ್ನವಾಗಿಸಿ ಮನೆಯಲ್ಲಿ ಇಡುವುದು, ಭೂಮಿ ಕೊಳ್ಳುವುದು, ಪರಿಚಿತ ವರ್ತಕನಲ್ಲಿ ನಂಬಿಕೆಯ ಮೇಲೆ ಇಡುವುದು ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಕಟ್ಟುವುದು, ಇಷ್ಟೇ ದಾರಿಗಳಿದ್ದವು. ಷೇರುಗಳೆಂದರೆ ಹಲವರಿಗೆ ನೆನಪಾಗುತ್ತಿದ್ದದ್ದು ಮುಂಬಯಿಯ 1865ರ ಅನಾಹುತ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ, ಬಂದ ಲಾಭವೆಲ್ಲ ಷೇರುಗಳಿಗೆ ಹರಿದಿತ್ತು. ಯುದ್ಧ ಮುಗಿದೊಡನೆ ಬೆಲೆಗಳು ಕುಸಿದು ಅನೇಕ ಮನೆತನಗಳು ನಿರ್ಗತಿಕವಾಗಿದ್ದವು.

ಮದ್ರಾಸ್ ಪ್ರಾಂತ್ಯದಲ್ಲಿ ಇದಕ್ಕೆ ಬದಲಿಯಾಗಿ 'ನಿಧಿ' ಅಥವಾ 'ಫಂಡ್' ಎಂಬ ಪರಸ್ಪರ ಸಹಾಯದ ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಸದಸ್ಯರು ಕಂತುಗಳಲ್ಲಿ ಹಣ ಕಟ್ಟಿ, ಕೂಡಿದ ಮೊತ್ತದಿಂದ ತಮ್ಮೊಳಗೆ ಸಾಲ ಪಡೆಯುತ್ತಿದ್ದರು. ಆರಂಭದ ನಿಧಿಗಳು ಗೊತ್ತುಪಡಿಸಿದ ಅವಧಿ ಮುಗಿದಾಗ ಲೆಕ್ಕ ತೀರಿಸಿ, ಹಣ ಹಂಚಿಕೊಂಡು ಮುಚ್ಚಿಹೋಗುತ್ತಿದ್ದವು. ಹಾಗೆ ಮುಚ್ಚದೆ ನಿರಂತರವಾಗಿ ನಡೆಯುವ ನಿಧಿಗೆ 'ಪರ್ಮನೆಂಟ್ ಫಂಡ್' ಎಂಬ ಹೆಸರು ಬಂದಿತು. 1872ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಮೈಲಾಪುರ ಹಿಂದೂ ಪರ್ಮನೆಂಟ್ ಫಂಡ್ ಇವುಗಳಲ್ಲಿ ಪ್ರಸಿದ್ಧವಾದದ್ದು. 1905ರ ಬಂಗಾಳ ವಿಭಜನೆಯ ನಂತರ ಹಬ್ಬಿದ ಸ್ವದೇಶಿ ಚಳವಳಿಯು ಭಾರತೀಯರೇ ಬ್ಯಾಂಕು, ವಿಮೆ, ಗಿರಣಿಗಳನ್ನು ಕಟ್ಟಬೇಕೆಂಬ ಉತ್ಸಾಹವನ್ನು ಎಲ್ಲೆಡೆ ಮೂಡಿಸಿತು.

ಕೆನರಾ ಹಿಂದೂ ಪರ್ಮನೆಂಟ್ ಫಂಡ್

1906ರ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪನೆಯಾಯಿತು. ಆಗ ಸುಬ್ಬರಾವ್ ಪೈ ಅವರಿಗೆ 53 ವರ್ಷ. ಅದೇ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಗಿತ್ತು. ಹೀಗೆ ನಾಲ್ಕು ತಿಂಗಳ ಒಳಗೆ ಒಂದೇ ಜಿಲ್ಲೆಯಲ್ಲಿ ಎರಡು ಹಣಕಾಸು ಸಂಸ್ಥೆಗಳು ಕಣ್ಣು ತೆರೆದವು.

ಫಂಡ್ ಷೇರು ಬಂಡವಾಳದ ಮೇಲೆ ನಿಂತ ಕಂಪನಿಯಾಗಿತ್ತು. ಇಂತಹ ಸಂಸ್ಥೆಗೆ ಎರಡು ಬಗೆಯ ಜನರಿಂದ ಹಣ ಬರುತ್ತದೆ. ಠೇವಣಿದಾರನು ತನ್ನ ಹಣವನ್ನು ಸಂಸ್ಥೆಗೆ ಸಾಲವಾಗಿ ಕೊಟ್ಟಂತೆ. ಲಾಭ ಬರಲಿ ಬಿಡಲಿ, ಅವನಿಗೆ ಗೊತ್ತಾದ ಬಡ್ಡಿಯೂ ಅಸಲೂ ಸಲ್ಲಬೇಕು. ಷೇರುದಾರನು ಸಂಸ್ಥೆಯ ಪಾಲುಗಾರ. ಲಾಭ ಬಂದಾಗ ಮಾತ್ರ ಅವನಿಗೆ ಲಾಭಾಂಶ. ನಷ್ಟವಾದರೆ ಮೊದಲು ಕರಗುವುದು ಅವನ ಹಣ. ಷೇರುದಾರರ ಬಂಡವಾಳವು ಠೇವಣಿದಾರರ ಹಣಕ್ಕೆ ಕಟ್ಟೆಯಂತೆ ಕಾವಲಿರುತ್ತದೆ. ಪರಿಮಿತ ಹೊಣೆಯ ಕಂಪನಿಯಲ್ಲಿ ಷೇರಿನ ಮೊತ್ತಕ್ಕಿಂತ ಹೆಚ್ಚಿನ ನಷ್ಟ ಷೇರುದಾರನಿಗೆ ತಟ್ಟುವುದಿಲ್ಲ. ಭಾರತದಲ್ಲಿ ಬ್ಯಾಂಕುಗಳಿಗೆ ಈ ಸೌಲಭ್ಯ ದೊರೆತದ್ದು 1860ರ ಕಾಯಿದೆಯಿಂದ.

ಆದರೂ ಅಂದು ಷೇರು ಕೊಳ್ಳುವುದು ಸುಲಭದ ತೀರ್ಮಾನವಾಗಿರಲಿಲ್ಲ. ಮುಂಬಯಿಯ ಷೇರು ದಲ್ಲಾಳಿಗಳ ಸಂಘ 1875ರಲ್ಲೇ ಸ್ಥಾಪನೆಯಾಗಿದ್ದರೂ ಮದ್ರಾಸಿನಲ್ಲಿ ಷೇರು ವಿನಿಮಯ ಕೇಂದ್ರ ಬಂದದ್ದು 1920ರಲ್ಲಿ. ಮಂಗಳೂರಿಗೆ ತನ್ನದೇ ಆದ ಕೇಂದ್ರ ದೊರೆತದ್ದು 1984ರಲ್ಲಿ. ಫಂಡಿನ ಷೇರು ಕೊಂಡವನು ಅದನ್ನು ಮಾರಬೇಕೆಂದರೆ ತಾನೇ ಕೊಳ್ಳುವವನನ್ನು ಹುಡುಕಬೇಕಾಗಿತ್ತು. ದಿನದಿನದ ಬೆಲೆ ನೋಡುವ ಅನುಕೂಲವಿರಲಿಲ್ಲ. ರಿಸರ್ವ್ ಬ್ಯಾಂಕ್ ಸ್ಥಾಪನೆಯಾದದ್ದು 1935ರಲ್ಲಿ, ಬ್ಯಾಂಕಿಂಗ್ ಕಂಪನಿಗಳ ಕಾಯಿದೆ ಬಂದದ್ದು 1949ರಲ್ಲಿ, ಠೇವಣಿ ವಿಮೆ ಜಾರಿಯಾದದ್ದು 1962ರಲ್ಲಿ. 1906ರ ಉಳಿತಾಯಗಾರನಿಗೆ ಇವುಗಳಲ್ಲಿ ಒಂದರ ರಕ್ಷಣೆಯೂ ಇರಲಿಲ್ಲ. ಸಂಸ್ಥೆಯನ್ನು ನಡೆಸುವವರು ಯಾರು, ಹಣವನ್ನು ಯಾರಿಗೆ ಯಾವ ಆಧಾರದ ಮೇಲೆ ಸಾಲ ಕೊಡುತ್ತಾರೆ, ಲೆಕ್ಕವನ್ನು ಸದಸ್ಯರ ಮುಂದೆ ಇಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಸಿಕ್ಕ ಉತ್ತರವೇ ಅವನ ಭರವಸೆ. ಮೂವತ್ತು ವರ್ಷ ಅದೇ ಊರಿನಲ್ಲಿ ವಕೀಲರಾಗಿದ್ದು, ಶಾಲೆಗಳನ್ನು ನಡೆಸಿ ತೋರಿಸಿದ್ದ ಸುಬ್ಬರಾವ್ ಪೈ ಅವರ ಹೆಸರು ಫಂಡಿನ ದೊಡ್ಡ ಆಸ್ತಿಯಾಗಿತ್ತು.

ಸ್ಥಾಪನೆಯ ಧ್ಯೇಯಗಳು

ಸಂಸ್ಥೆಯ ಸ್ಥಾಪನಾ ತತ್ತ್ವಗಳಲ್ಲಿ ಲಾಭಗಳಿಕೆಗೆ ಮೊದಲ ಸ್ಥಾನವಿರಲಿಲ್ಲ. ಅವುಗಳ ಸಾರಾಂಶ ಹೀಗಿದೆ:

• ಮೂಢನಂಬಿಕೆ ಮತ್ತು ಅಜ್ಞಾನವನ್ನು ಹೋಗಲಾಡಿಸುವುದು. ಅದಕ್ಕಾಗಿ ಎಲ್ಲರಲ್ಲೂ ಶಿಕ್ಷಣವನ್ನು ಹರಡುವುದು.
• ಜನರಲ್ಲಿ ಮಿತವ್ಯಯ ಮತ್ತು ಉಳಿತಾಯದ ಅಭ್ಯಾಸವನ್ನು ಬೆಳೆಸುವುದು.
• ಸಂಸ್ಥೆಯು ಸಮಾಜದ ಆರ್ಥಿಕ ಕೇಂದ್ರವಾಗಿರುವಂತೆ ಸಾಮಾಜಿಕ ಕೇಂದ್ರವೂ ಆಗುವಂತೆ ರೂಪಿಸುವುದು.
• ಅಗತ್ಯವುಳ್ಳವರಿಗೆ ನೆರವಾಗುವುದು.
• ಸೇವಾಭಾವ ಮತ್ತು ನಿಷ್ಠೆಯಿಂದ ಕೆಲಸ ಮಾಡುವುದು.
• ಸಹಮಾನವರ ಕಷ್ಟಗಳಿಗೆ ಸ್ಪಂದಿಸಿ ಅವುಗಳ ನಿವಾರಣೆಗೆ ಶ್ರಮಿಸುವುದು.

ಅರ್ಬತ್‌ನಾಟ್ ಕಂಪನಿಯ ಪತನ

ಫಂಡ್ ಆರಂಭವಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ಮದ್ರಾಸ್ ಪ್ರಾಂತ್ಯವನ್ನು ತಲ್ಲಣಗೊಳಿಸಿದ ಘಟನೆಯೊಂದು ನಡೆಯಿತು. 1906ರ ಅಕ್ಟೋಬರ್ 22ರಂದು ಮದ್ರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಅದು ಕೆಲವೇ ಪಾಲುದಾರರ ಖಾಸಗಿ ಸಂಸ್ಥೆ. ನೌಕರರು, ನಿವೃತ್ತರು ಮತ್ತು ಜಮೀನ್ದಾರರು ಸೇರಿ ಸಾವಿರಾರು ಜನರು ಅದರಲ್ಲಿ ಠೇವಣಿ ಇಟ್ಟಿದ್ದರು. ಕಂಪನಿಯ ಹಳೆಯ ಹೆಸರು ಮತ್ತು ಅದರ ಪ್ರಮುಖರ ಸಾಮಾಜಿಕ ಸ್ಥಾನಮಾನವನ್ನು ನೋಡಿ ಹಣ ಕೊಟ್ಟವರಿಗೆ, ಆ ಹಣವು ಲಂಡನ್ನಿನ ಸಹಸಂಸ್ಥೆಯ ಮೂಲಕ ಅಪಾಯದ ಹೂಡಿಕೆಗಳಲ್ಲಿ ಕರಗುತ್ತಿರುವುದು ತಿಳಿದಿರಲಿಲ್ಲ. ಮುಖ್ಯಸ್ಥರಾದ ಸರ್ ಜಾರ್ಜ್ ಅರ್ಬತ್‌ನಾಟ್ ಅವರಿಗೆ ಜೈಲು ಶಿಕ್ಷೆಯಾಯಿತು. ಆದರೆ ಠೇವಣಿದಾರರ ಹಣದ ಬಹುಭಾಗ ಮರಳಲಿಲ್ಲ.

ಈ ಪತನವು ಬ್ಯಾಂಕುಗಳ ಬಗ್ಗೆ ಜನರಲ್ಲಿ ಭಯವನ್ನು ಹುಟ್ಟಿಸಿದಂತೆಯೇ, ಷೇರುದಾರರಿಗೆ ಲೆಕ್ಕ ಒಪ್ಪಿಸುವ ಭಾರತೀಯ ಬ್ಯಾಂಕುಗಳು ಬೇಕೆಂಬ ಅರಿವನ್ನೂ ಮೂಡಿಸಿತು. ಮದ್ರಾಸಿನಲ್ಲಿ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಸ್ಥಾಪಿಸಿದರು. ಹೆಸರನ್ನು ನಂಬಿ ಹಣ ಕೊಡುವುದು ಎಷ್ಟು ಅಪಾಯಕರ ಎಂಬುದನ್ನು ಅರ್ಬತ್‌ನಾಟ್ ಪ್ರಕರಣ ತೋರಿಸಿತ್ತು. ಸುಬ್ಬರಾವ್ ಪೈ ಅವರ ಫಂಡಿಗೂ ಆರಂಭದಲ್ಲಿ ಇದ್ದ ಬಲ ಅವರ ಹೆಸರೇ. ಆ ಹೆಸರಿನ ಆಧಾರವಿಲ್ಲದೆಯೂ ಸಂಸ್ಥೆ ನಿಲ್ಲಬಲ್ಲದೇ ಎಂಬುದು ಅವರ ನಿಧನಾನಂತರ ಪರೀಕ್ಷೆಗೆ ಒಳಗಾಗಬೇಕಾಗಿತ್ತು.

ನಿಧನ

1909ರ ಜುಲೈ 25ರಂದು, ತಮ್ಮ 56ನೆಯ ವಯಸ್ಸಿನಲ್ಲಿ ಸುಬ್ಬರಾವ್ ಪೈ ನಿಧನರಾದರು. ಫಂಡ್ ಆರಂಭವಾಗಿ ಆಗ ಕೇವಲ ಮೂರು ವರ್ಷಗಳಾಗಿದ್ದವು.

ನಂತರದ ಬೆಳವಣಿಗೆ

1910ರಲ್ಲಿ ಫಂಡ್ 'ಕೆನರಾ ಬ್ಯಾಂಕ್ ಲಿಮಿಟೆಡ್' ಎಂದು ಮರುನಾಮಕರಣಗೊಂಡಿತು. 'ಹಿಂದೂ' ಮತ್ತು 'ಪರ್ಮನೆಂಟ್ ಫಂಡ್' ಎಂಬ ಪದಗಳು ಹೆಸರಿನಿಂದ ಮರೆಯಾದವು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್, ಮುಂಬಯಿಯ ಇಂಡಿಯನ್ ಸ್ಪೀಶಿ ಬ್ಯಾಂಕ್ ಸೇರಿದಂತೆ ಸ್ವದೇಶಿ ಕಾಲದ ಅನೇಕ ಬ್ಯಾಂಕುಗಳು ಕುಸಿದವು. ಸ್ಥಾಪಕರನ್ನು ಕಳೆದುಕೊಂಡಿದ್ದ ಕೆನರಾ ಬ್ಯಾಂಕ್ ಆ ಬಿಕ್ಕಟ್ಟಿನಲ್ಲಿಯೂ ಉಳಿದುಕೊಂಡಿತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಬ್ಯಾಂಕ್ ಒಂದು. 1987ರ ಡಿಸೆಂಬರಿನಲ್ಲಿ ಅದು ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡನ್ನು ಆರಂಭಿಸಿತು. ಯೂನಿಟ್ ಟ್ರಸ್ಟ್ ಹೊರತುಪಡಿಸಿ ಸಾರ್ವಜನಿಕ ವಲಯದಿಂದ ಬಂದ ಮೊದಲ ಮ್ಯೂಚುವಲ್ ಫಂಡುಗಳಲ್ಲಿ ಇದೂ ಸೇರಿದೆ. 2007ರಲ್ಲಿ ನೆದರ್‌ಲೆಂಡ್ಸ್‌ನ ರೊಬೆಕೊ ಸಂಸ್ಥೆಯ ಸಹಭಾಗಿತ್ವದಿಂದ ಅದು ಕೆನರಾ ರೊಬೆಕೊ ಆಯಿತು. ಇಲ್ಲಿ 'ಫಂಡ್' ಎಂಬ ಪದದ ಅರ್ಥ 1906ರ ಅರ್ಥಕ್ಕಿಂತ ಭಿನ್ನವಾದದ್ದು. ಅಂದಿನ ಫಂಡ್ ಠೇವಣಿ ಪಡೆದು ಸಾಲ ನೀಡುವ ಸಂಸ್ಥೆ. ಮ್ಯೂಚುವಲ್ ಫಂಡ್ ಹೂಡಿಕೆದಾರರ ಹಣವನ್ನು ಷೇರು ಮತ್ತು ಸಾಲಪತ್ರಗಳಲ್ಲಿ ತೊಡಗಿಸುತ್ತದೆ. ಅದರ ಏರಿಳಿತವನ್ನು ಹೂಡಿಕೆದಾರನೇ ಹೊರಬೇಕು, ಅದಕ್ಕೆ ಠೇವಣಿ ವಿಮೆ ಅನ್ವಯಿಸುವುದಿಲ್ಲ.

2002ರಲ್ಲಿ ಕೆನರಾ ಬ್ಯಾಂಕ್ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ನೀಡಿತು. ರಾಷ್ಟ್ರೀಕರಣಗೊಂಡಿದ್ದ ಸಂಸ್ಥೆಯ ಪಾಲುಗಾರಿಕೆ ಹೀಗೆ ದೇಶದ ಷೇರುಪೇಟೆಗೆ ತೆರೆದುಕೊಂಡಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಅದೇ ದಿನ, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಪ್ರಭಾವ ಮತ್ತು ಸ್ಮರಣೆ

ದಕ್ಷಿಣ ಕನ್ನಡವನ್ನು ಭಾರತೀಯ ಬ್ಯಾಂಕಿಂಗ್‌ನ ತೊಟ್ಟಿಲು ಎಂದು ಕರೆಯುವ ರೂಢಿಯಿದೆ. 1906ರ ಎರಡು ಸಂಸ್ಥೆಗಳ ನಂತರ ಅವಿಭಜಿತ ಜಿಲ್ಲೆಯಲ್ಲಿ ಕರ್ಣಾಟಕ ಬ್ಯಾಂಕ್ (1924), ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ (1925) ಮತ್ತು ವಿಜಯಾ ಬ್ಯಾಂಕ್ (1931) ಸ್ಥಾಪನೆಯಾದವು. ಸ್ಥಳೀಯರ ಸಣ್ಣ ಉಳಿತಾಯವನ್ನು ಒಗ್ಗೂಡಿಸಿ ದೊಡ್ಡ ಸಂಸ್ಥೆಯನ್ನು ಕಟ್ಟಬಹುದೆಂಬುದಕ್ಕೆ ಮೊದಲಿನ ಎರಡು ಸಂಸ್ಥೆಗಳು ಇವಕ್ಕೆಲ್ಲ ಮಾದರಿಯಾಗಿದ್ದವು.

ಸುಬ್ಬರಾವ್ ಪೈ ಸ್ಥಾಪಿಸಿದ ಶಾಲೆಗಳು ಮಂಗಳೂರಿನಲ್ಲಿ ಇಂದಿಗೂ ನಡೆಯುತ್ತಿವೆ. ಅವರ ಜನ್ಮದಿನವಾದ ನವೆಂಬರ್ 19ನ್ನು ಕೆನರಾ ಬ್ಯಾಂಕ್ ಸಂಸ್ಥಾಪಕರ ದಿನವಾಗಿ ಆಚರಿಸುತ್ತದೆ.