ಉಸಿರಿಗೆ ಊರುಗೋಲಿತ್ತ ಫಿಲಿಪ್ ಡ್ರಿಂಕರ್

ಎಚ್ಚರದಲ್ಲಾಗಲಿ ನಿದ್ರೆಯಲ್ಲಾಗಲಿ ಉಸಿರಾಟವು ಮನುಷ್ಯನ ಅರಿವಿಗೆ ಬಾರದೆಯೇ ನಡೆಯುತ್ತಿರುತ್ತದೆ. ಪೋಲಿಯೊ ಪಿಡುಗು ಈ ನಿಶ್ಚಿಂತೆಯನ್ನು ಕಸಿದುಕೊಳ್ಳುತ್ತಿತ್ತು. ಆ ವಿಷಾಣು ನರಕೋಶಗಳನ್ನು ಹಾಳುಗೆಡವಿದಾಗ ಎದೆಯ ಸ್ನಾಯುಗಳೂ ವಪೆಯೂ ನಿಶ್ಚೇಷ್ಟಿತವಾಗುತ್ತಿದ್ದವು. ಶ್ವಾಸಕೋಶಗಳು ನಿರ್ದೋಷವಾಗಿದ್ದರೂ ಹೆತ್ತವರ ಕಣ್ಣೆದುರಿಗೇ ಮಗುವಿನ ಉಸಿರು ಕಟ್ಟುತ್ತಿತ್ತು. ಇಂಥವರನ್ನು ಉಳಿಸಲು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಮೊದಲ ಸಮರ್ಥ ಯಂತ್ರವನ್ನು ರೂಪಿಸಿದವರು ವೈದ್ಯರಲ್ಲ, ಅಮೆರಿಕದ ಒಬ್ಬ ಎಂಜಿನಿಯರ್ ಎಂಬುದು ಗಮನಾರ್ಹ ಸಂಗತಿ.

ಫಿಲಿಪ್ ಡ್ರಿಂಕರ್ ಅವರು 1894ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನಿಸಿದರು. ಅವರದು ವಿದ್ಯಾವಂತರ ಮನೆತನ. ತಂದೆ ಲೀಹೈ ವಿಶ್ವವಿದ್ಯಾಲಯದ ಅಧ್ಯಕ್ಷರು. ಅಣ್ಣ ಸೆಸಿಲ್ ಶರೀರಕ್ರಿಯಾಶಾಸ್ತ್ರಜ್ಞರು. ಸೋದರಿ ಕ್ಯಾಥರಿನ್ ಮುಂದೆ ಜೀವನಚರಿತ್ರೆಗಳ ಲೇಖಕಿಯಾಗಿ ಹೆಸರಾದರು. ಪ್ರಿನ್ಸ್‌ಟನ್ನಿನಲ್ಲಿಯೂ ಲೀಹೈಯಲ್ಲಿಯೂ ವ್ಯಾಸಂಗ ಮಾಡಿ, ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದ ಫಿಲಿಪ್ಪರು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಕಾರ್ಖಾನೆಗಳ ಧೂಳು, ಹೊಗೆ, ಗಾಳಿಯ ಶುದ್ಧಿ ಇವು ಅವರ ಅಧ್ಯಯನದ ವಿಷಯಗಳು.

ಅಲ್ಲಿ ಅವರ ಸಹೋದ್ಯೋಗಿ ಲೂಯಿ ಅಗಾಸಿ ಶಾ ಅವರು ಬೆಕ್ಕೊಂದರ ತಲೆ ಮಾತ್ರ ಹೊರಗಿರುವಂತೆ ದೇಹವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದರ ಉಸಿರಾಟವನ್ನು ಅಳೆಯುತ್ತಿದ್ದರು. ಎದೆ ಉಬ್ಬಿ ತಗ್ಗಿದಂತೆ ಪೆಟ್ಟಿಗೆಯೊಳಗಣ ಗಾಳಿಯ ಒತ್ತಡವೂ ಏರಿಳಿಯುತ್ತಿತ್ತು. ಇದನ್ನು ತಿರುಗುಮುರುಗು ಮಾಡಿದರೇನಾದೀತು? ಪೆಟ್ಟಿಗೆಯ ಒತ್ತಡವನ್ನೇ ಏರಿಳಿಸಿದರೆ ಎದೆಯೂ ಅದನ್ನು ಅನುಸರಿಸಬೇಕಲ್ಲವೇ? ಕ್ಯುರಾರೆ ವಿಷದಿಂದ ಸ್ನಾಯುಗಳು ನಿಶ್ಚಲವಾದ ಬೆಕ್ಕನ್ನು ಡ್ರಿಂಕರ್ ಅವರು ಕೈಯಿಂದ ಪಿಚಕಾರಿಯನ್ನೆಳೆದು ತಳ್ಳುತ್ತ ಬದುಕಿಸಿಟ್ಟರು. ತರುವಾಯ ಮನುಷ್ಯ ಮಲಗುವಷ್ಟು ದೊಡ್ಡ ಲೋಹದ ಕೊಳವೆಪೆಟ್ಟಿಗೆಯೂ, ಕುತ್ತಿಗೆಗೆ ರಬ್ಬರಿನ ಪಟ್ಟಿಯೂ, ಧೂಳು ಹೀರುವ ಯಂತ್ರಗಳಿಂದ ತೆಗೆದ ಗಾಳಿಯಂತ್ರಗಳೂ ಸೇರಿ ಉಪಕರಣ ಸಿದ್ಧವಾಯಿತು. ಜನರು ಇದಕ್ಕಿತ್ತ ಹೆಸರು ಕಬ್ಬಿಣದ ಶ್ವಾಸಕೋಶ. ಆರೋಗ್ಯವಂತರು ಒಳಗೆ ಮಲಗಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು: ಯಂತ್ರಕ್ಕೆ ಮೈಯೊಪ್ಪಿಸಿದವರು ತಮ್ಮ ಉಸಿರಾಟವನ್ನು ತಾವೇ ಕೈಬಿಡುತ್ತಿದ್ದರು.

1928ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಪೋಲಿಯೊದಿಂದ ಉಸಿರು ಸೋತಿದ್ದ ಎಂಟು ವರ್ಷದ ಬಾಲಿಕೆಯನ್ನು ಯಂತ್ರದಲ್ಲಿ ಮಲಗಿಸಲಾಯಿತು. ತುಸು ಹೊತ್ತಿನಲ್ಲೇ ಆಕೆ ಚೇತರಿಸಿಕೊಂಡಳು. ಕೆಲವು ದಿನಗಳ ಮೇಲೆ ನ್ಯುಮೋನಿಯಾ ಆಕೆಯನ್ನು ಕೊಂಡೊಯ್ದರೂ ಯಂತ್ರ ತನ್ನ ಕೆಲಸವನ್ನು ನೆರವೇರಿಸಿತ್ತು. ಮರುವರ್ಷ ಹಾರ್ವರ್ಡಿನ ಒಬ್ಬ ವಿದ್ಯಾರ್ಥಿ ಕೆಲವು ವಾರ ಅದರಲ್ಲಿದ್ದು, ಕ್ರಮೇಣ ಸ್ನಾಯುಬಲ ಮರಳಿ, ಸ್ವಂತ ಉಸಿರಿನಿಂದಲೇ ಹೊರಬಂದನು.

ಆದರೆ ಈ ಹೊರಬರುವಿಕೆಯೇ ಕಠಿನವಾದ ಸಾಧನೆ. ಮೋಟಾರು ತನ್ನ ಲಯವನ್ನು ತಾನು ಬಲ್ಲದೇ ಹೊರತು ರೋಗಿಯ ಲಯವನ್ನರಿಯದು. ಅಲ್ಪಸ್ವಲ್ಪ ಉಸಿರುಳ್ಳವನು ಯಂತ್ರದೊಡನೆ ಸೆಣಸದೆ ಅದರ ತಾಳಕ್ಕೆ ಹೊಂದಿಕೊಳ್ಳಬೇಕಾಗಿತ್ತು. ಸ್ನಾಯುಗಳು ಚೇತರಿಸಿದಂತೆ ದಾದಿಯರು ಯಂತ್ರವನ್ನು ಮೊದಲು ಕೆಲವು ನಿಮಿಷ, ಬಳಿಕ ಕೆಲವು ಗಂಟೆ ನಿಲ್ಲಿಸಿ ನೋಡುವರು. ಆ ನಿಮಿಷಗಳ ಭಯವನ್ನು ಅನುಭವಿಸಿದವರೇ ಬಲ್ಲರು.

ಡ್ರಿಂಕರ್ ಅವರ ಕೀರ್ತಿಗೆ ಒಂದು ಕಲೆಯೂ ಅಂಟಿತು. 1931ರಲ್ಲಿ ಜಾನ್ ಎಮರ್ಸನ್ ಎಂಬವರು ಇನ್ನೂ ಹಗುರವಾದ, ಬೆಲೆ ಕಡಿಮೆಯಾದ ಯಂತ್ರವನ್ನು ತಯಾರಿಸಿದಾಗ, ಅವರ ಮೇಲೆ ಪೇಟೆಂಟ್ ವ್ಯಾಜ್ಯ ಹೂಡಲಾಯಿತು. ಪ್ರಾಣರಕ್ಷಕ ಸಾಧನ ಎಲ್ಲರಿಗೂ ದೊರೆಯಬೇಕು, ಇದರ ಅಂಶಗಳೆಲ್ಲ ಮೊದಲೇ ತಿಳಿದಿದ್ದವು ಎಂಬುದು ಎಮರ್ಸನ್ನರ ವಾದ. ಡ್ರಿಂಕರ್ ಪಕ್ಷ ಸೋತು ಪೇಟೆಂಟುಗಳು ಅಸಿಂಧುವಾದವು. ಆ ಸೋಲು ರೋಗಿಗಳ ಪಾಲಿಗೆ ಲಾಭವೇ ಆಯಿತೆನ್ನಬೇಕು.

ಡ್ರಿಂಕರ್ ಅವರು ತಮ್ಮ ಮೂಲ ವಿಷಯಕ್ಕೆ ಮರಳಿದರು. 1936ರಲ್ಲಿ ಥಿಯೊಡರ್ ಹ್ಯಾಚ್ ಅವರೊಡನೆ ಕೈಗಾರಿಕಾ ಧೂಳನ್ನು ಕುರಿತ ಗ್ರಂಥವನ್ನು ಹೊರತಂದರು. ಎರಡನೆಯ ಮಹಾಯುದ್ಧದಲ್ಲಿ ಹಡಗುಕಟ್ಟೆಗಳ ಕಾರ್ಮಿಕರ ಆರೋಗ್ಯದ ಹೊಣೆಯನ್ನೂ ಹೊತ್ತರು.

ಅವರ ಯಂತ್ರದ ಮಿತಿ ಬಯಲಾದುದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. ಪೋಲಿಯೊ ಅಲ್ಲಿ ಭೀಕರವಾಗಿ ಹಬ್ಬಿತು. ಮೊದಲ ಮೂರು ವಾರಗಳಲ್ಲಿ ಉಸಿರಾಟಕ್ಕೆ ನೆರವು ಬೇಕಾದ 31 ಮಂದಿಯಲ್ಲಿ 27 ಮಂದಿ ಮೃತರಾದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ರೋಗಿಯ ಶ್ವಾಸನಾಳಕ್ಕೆ ಕೊಳವೆಯಿಟ್ಟು ರಬ್ಬರ್ ಚೀಲವನ್ನು ಕೈಯಿಂದ ಅಮುಕಿ ಗಾಳಿಯನ್ನು ಒಳಕ್ಕೇ ಊಡಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಹಿಡಿದು ಕುಳಿತರು. ರೋಗಿಯ ಸ್ವಂತ ಉಸಿರು ಮರಳಲೆಳಸಿದರೆ ಚೀಲ ಹಿಡಿದ ಕೈಗೆ ಅದು ತಿಳಿಯುವುದು, ಮೋಟಾರಿಗಿಲ್ಲದ ಗುಣವದು.

ಡ್ರಿಂಕರ್ ಅವರು 1972ರಲ್ಲಿ ತೀರಿಕೊಂಡರು. ಅದೇ ಸುಮಾರಿಗೆ, 1971ರಲ್ಲಿ ನವಜಾತ ಶಿಶುಗಳಿಗೂ 1973ರಲ್ಲಿ ವಯಸ್ಕರಿಗೂ ಅಮೆರಿಕದ ವೈದ್ಯರು ಹೊಸ ಕ್ರಮವನ್ನು ಪ್ರಕಟಿಸಿದರು. ಯಂತ್ರ ನಿಮಿಷಕ್ಕೆ ಇಂತಿಷ್ಟೇ ಸಲ ಗಾಳಿಯೂಡುವುದು. ನಡುವೆ ರೋಗಿ ತಡೆಯಿಲ್ಲದೆ ತಾನೇ ಉಸಿರಾಡುವನು. ಅವನ ಶಕ್ತಿ ಹೆಚ್ಚಿದಂತೆ ಯಂತ್ರದ ಸರದಿ ಕಡಿಮೆಯಾಗುವುದು. ಮುಂದಿನ ಯಂತ್ರಗಳು ರೋಗಿ ಉಸಿರೆಳೆಯಲು ತೊಡಗಿದುದನ್ನು ತಾವೇ ಗುರುತಿಸಿ ಕೈಗೂಡಿಸತೊಡಗಿದವು.

ಹಳೆಯ ಪೆಟ್ಟಿಗೆಯೂ ಬಹುಕಾಲ ಬಾಳಿತು. 1952ರಲ್ಲಿ ಆರು ವರ್ಷದ ಬಾಲಕನಾಗಿ ಪೋಲಿಯೊಗೆ ತುತ್ತಾದ ಅಮೆರಿಕದ ಪಾಲ್ ಅಲೆಕ್ಸಾಂಡರ್ ಅವರು 2024ರಲ್ಲಿ ತೀರಿಕೊಳ್ಳುವವರೆಗೂ ಕಬ್ಬಿಣದ ಶ್ವಾಸಕೋಶವನ್ನು ಅವಲಂಬಿಸಿದ್ದರು. ಗಂಟಲಿನಿಂದ ಗಾಳಿಯನ್ನು ಗುಟುಕುಗುಟುಕಾಗಿ ನುಂಗಿ ಉಸಿರಾಡುವುದನ್ನು ಅಭ್ಯಾಸಮಾಡಿಕೊಂಡು, ಹಲವು ವರ್ಷ ಹಗಲಿನಲ್ಲಿ ಹೊರಗಿದ್ದು, ಓದಿ ನ್ಯಾಯವಾದಿಯಾದರು. ನಿದ್ರೆಯಲ್ಲಿ ಆ ಅಭ್ಯಾಸ ಸಾಗದಾದ್ದರಿಂದ ಇರುಳಾದೊಡನೆ ಪೆಟ್ಟಿಗೆಗೆ ಮರಳುತ್ತಿದ್ದರು.