ಕೊಳೆಯ ಲೆಕ್ಕ ಬಲ್ಲ ಮಾಚಿದೇವರು

ಪ್ರತಿ ವರ್ಷ ಫೆಬ್ರವರಿ 1ಕ್ಕೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯೆಲ್ಲ ಮಡಿವಾಳ ಮಾಚಿದೇವರ ಜಯಂತಿ. ಫೋಟೋಗೆ ಹಾರ ಬೀಳುತ್ತೆ, ಅವರ ಕೆಲಸದ ಮಾತು ಬರೋದು ಕಮ್ಮಿ.

12ನೇ ಶತಮಾನದವರು. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು. ಕಲ್ಯಾಣಕ್ಕೆ ಬಂದು ಶರಣರ ಬಟ್ಟೆ ಮಡಿ ಮಾಡುವ ಕಾಯಕ ಹಿಡಿದರು. ಡಿಟರ್ಜೆಂಟ್ ಇಲ್ಲದ ಕಾಲ. ಮಡಿವಾಳರ ಹಳೇ ವಿದ್ಯೆ ಚೌಳು ಮಣ್ಣು. ಅದರ ಕ್ಷಾರ ಜಿಡ್ಡನ್ನು ಸಡಿಲಿಸುತ್ತೆ. ಆದರೆ ಬಿಟ್ಟ ಕೊಳೆ ಎಲ್ಲಿಗೂ ಹೋಗಲ್ಲ, ನೀರಲ್ಲೇ ತೇಲುತ್ತಿರುತ್ತೆ. ಅದೇ ನೀರಿಗೆ ಇನ್ನೊಂದು ಬಟ್ಟೆ ಅದ್ದಿದರೆ ಅದಕ್ಕೆ ಅಂಟುತ್ತೆ. ಹತ್ತಿಯ ಎಳೆಗಳ ಸಂದಿಯಲ್ಲಿ ಮಣ್ಣಿನ ಸಣ್ಣ ಕಣ ಸಿಕ್ಕಿಕೊಳ್ಳುತ್ತೆ. ಪಾಲಿಯೆಸ್ಟರ್ ಜೆರ್ಸಿ ಎಣ್ಣೆಜಿಡ್ಡನ್ನು ಹಿಡಿದುಕೊಳ್ಳುತ್ತೆ. ಹಾಸ್ಟೆಲಲ್ಲಿ ಎಲ್ಲವನ್ನೂ ಒಂದೇ ಬಕೆಟ್‌ಗೆ ತುರುಕಿದಾಗ ನಮ್ಮ ಬಿಳಿ ಬನಿಯನ್ ಮಂಕಾಗೋದು ಹೀಗೆ. ಹರಿಯುವ ನೀರಲ್ಲಿ ಜಾಲಿಸಿದರೆ ಆ ಕಣಗಳು ಮರಳಿ ಅಂಟೋ ಮೊದಲೇ ಕೊಚ್ಚಿಹೋಗುತ್ತವೆ.

ಮಾಚಿದೇವರು ಕಾಯಕ ಮಾಡದವರ ಬಟ್ಟೆ ಮುಟ್ಟುತ್ತಿರಲಿಲ್ಲವೆಂದು ಪ್ರತೀತಿ. ಊರು ಜಾತಿಯಲ್ಲಿ ಮೈಲಿಗೆ ಹುಡುಕುತ್ತಿದ್ದಾಗ ಅವರು ಸೋಮಾರಿತನದಲ್ಲಿ ಕೊಳೆ ಕಂಡರು. ಕಲಿದೇವರದೇವ ಅಂಕಿತದಲ್ಲಿ ವಚನ ಬರೆದರು. ಕಲ್ಯಾಣದಲ್ಲಿ ಗಲಭೆ ಎದ್ದಾಗ, ಬೆನ್ನಟ್ಟಿದ ಸೈನ್ಯವನ್ನು ತಡೆದು ವಚನದ ಕಟ್ಟುಗಳನ್ನು ಉಳಿಸಿದವರಲ್ಲಿ ಅವರೂ ಒಬ್ಬರೆಂದು ಶರಣ ಪರಂಪರೆ ನೆನೆಯುತ್ತೆ.

ಬಟ್ಟೆ ಒಗೆದ ಕೈಯೇ ವಚನವನ್ನೂ ಕಾಯ್ತು. ನಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಣ್ಣನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಂದಿನ ಜಯಂತಿಗೆ ಹಾರ ತರೋ ಮೊದಲು ಅದನ್ನ ಕೇಳಿಕೊಂಡು ಬರೋಣ.